ಪುಕ್ಕಲಿಯ ಕೈಯಲ್ಲಿ ನನ್ನ ಚರ್ಮ

ನನ್ನ ಸೊಸೆಗೆ ಹೆದರಿಕೆ ಹುಟ್ಟಿಸದ ವಸ್ತು ಈ ಭೂಮಿಯ ಮೇಲೆ ಒಂದಾದರೂ ಇದೆಯೇ ಎಂದು ನಾನು ಬಹಳ ಕಾಲ ಹುಡುಕಿದ್ದೇನೆ. ಸಿಕ್ಕಿಲ್ಲ. ಹಲ್ಲಿ ಕಂಡರೆ ಭಯ, ಲಿಫ್ಟ್ ಕಂಡರೆ ಭಯ. ಫೋನ್ ಬಡಿದುಕೊಂಡರೆ ಮೊದಲು ಗೋಡೆ ಹಿಡಿದುಕೊಂಡು ಆಮೇಲೆ ಹಲೋ ಅನ್ನುತ್ತಾಳೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ ಬಂದು, ಆರಿಸಿರುವುದನ್ನು ಕಣ್ಣಾರೆ ಕಂಡು, ಮತ್ತೊಮ್ಮೆ ಹಚ್ಚಿ ಆರಿಸಿ ಹೋಗುತ್ತಾಳೆ. ಮದುವೆಯಾಗಿ ಬಂದ ಹೊಸತರಲ್ಲೇ ನಾನು ಅವಳಿಗೆ ಪುಕ್ಕಲಿ ಎಂದು ಹೆಸರಿಟ್ಟೆ. ಮಗ ಮುಖ ಸಿಂಡರಿಸಿದ. ಅವಳು ಮಾತ್ರ ಪಾತ್ರೆ ಒರೆಸುತ್ತ, "ಸರಿಯಾಗೇ ಇಟ್ಟಿದ್ದೀರಿ ಅತ್ತೆ" ಅಂದಳು. ಹಾಗೆ ಒಪ್ಪಿಕೊಂಡವಳ ಹತ್ತಿರ ಜಗಳ ಆಡುವುದಾದರೂ ಹೇಗೆ? ಬಾಯಿಗೆ ಬಂದ ಜಗಳ ಅಲ್ಲೇ ತಣ್ಣಗಾಯಿತು.

ನಾನು ಟೈಲರ್. ಮನೆಯ ಮುಂದಿನ ಕೋಣೆ, ಬೀದಿಗೆ ತೆರೆದ ಒಂದು ಕಿಟಕಿ, ಕಾಲಲ್ಲಿ ತುಳಿಯುವ ಮಷಿನ್, ಇಷ್ಟೇ ನನ್ನ ಸಾಮ್ರಾಜ್ಯ. ಗಂಡ ಹೋದಮೇಲೆ ಆ ಮಷಿನ್ ತುಳಿದೇ ಮಗನನ್ನು ಸಾಕಿದ್ದು. ಅಳತೆ ಸರಿಯಿಲ್ಲ ಎಂದು ಜಗಳಕ್ಕೆ ಬಂದ ಹೆಂಗಸರೆಲ್ಲ ಬಾಲ ಮುದುರಿಕೊಂಡು ಹೋಗಿದ್ದಾರೆ. ಬೀದಿಯಲ್ಲಿ ನನ್ನನ್ನು ಗಟ್ಟಿಗಿತ್ತಿ ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳುವುದಕ್ಕೆ ನನಗೆ ಇಷ್ಟ, ಸುಳ್ಳೇಕೆ ಹೇಳಲಿ.

ಸೊಸೆಯ ಭಯಕ್ಕೆ ಒಂದು ಬುಡ ಇತ್ತು. ಅದು ಗೊತ್ತಾದದ್ದು ತಡವಾಗಿ, ಅದೂ ಮಗನ ಬಾಯಿಂದ. ಅವಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವಳ ತಾಯಿಯ ಬೆರಳಿಗೆ ತಗಡು ಕುಯ್ದು ಒಂದು ಗಾಯವಾಯಿತಂತೆ. ನೋಡಿದರೆ ನಗು ಬರುವಷ್ಟು ಚಿಕ್ಕದು. ಬಟ್ಟೆ ಸುತ್ತಿಕೊಂಡು ಮನೆಗೆಲಸ ಮಾಡಿದರು. ಗಾಯಕ್ಕೆ ನಂಜೇರಿತು, ತಾಯಿ ಹೋದರು. ಕಣ್ಣಿಗೆ ಕಾಣದ ಹುಳಗಳು ಒಂದು ಮನೆಯನ್ನು ಹೇಗೆ ಬರಿದು ಮಾಡಬಲ್ಲವು ಎಂದು ಆ ಹುಡುಗಿ ಅಂದೇ ಕಲಿತುಬಿಟ್ಟಳು. ಆಮೇಲೆ ವಿಜ್ಞಾನ ಓದಿದಳು, ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಅವಳ ಕೆಲಸ ಮನುಷ್ಯರ ಚರ್ಮದ ತುಂಡುಗಳಿಂದ ಜೀವಕೋಶಗಳನ್ನು ಬಿಡಿಸಿ ಬಾಟಲಿಯಲ್ಲಿ ಬೆಳೆಸುವುದು.

"ಬಾಟಲಿಯಲ್ಲಿ ಏನೇ ಬೆಳೆಸ್ತೀಯ, ಸೊಪ್ಪಾ?" ಎಂದು ನಾನು ರೇಗಿಸುತ್ತಿದ್ದೆ.

"ರಕ್ತನಾಳದ ಒಳಗಡೆ ಇರೋ ಕೋಶ ಅತ್ತೆ. ನೀವು ಕೋಟಿನ ಒಳಗೆ ಲೈನಿಂಗ್ ಕೊಡ್ತೀರಲ್ಲ, ಹಾಗೆ ರಕ್ತ ಹರಿಯೋ ಕೊಳವೆಗೆ ಒಳಗಡೆ ಒಂದು ಪದರ ಇರುತ್ತೆ. ಚರ್ಮದಿಂದ ಅದನ್ನ ಮಾತ್ರ ಆರಿಸಿ ತೆಗೀಬೇಕು."

ಆ ಕೆಲಸಕ್ಕೆ ಅವಳ ಭಯವೇ ಬಂಡವಾಳ. ಸೋಂಕು ತಗುಲಿದರೆ ವಾರಗಟ್ಟಲೆ ಸಾಕಿದ್ದು ಬೆಳಗಾಗುವಷ್ಟರಲ್ಲಿ ಮೋಡ ಕವಿದಂತಾಗಿ ಸತ್ತುಹೋಗುತ್ತದೆ. ಉಳಿದವರ ಬಾಟಲಿಗೆ ಬೂಷ್ಟು ಹತ್ತಿದರೂ ಇವಳದಕ್ಕೆ ಹತ್ತುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. ಮೊಣಕೈ ತನಕ ಕೈ ತೊಳೆಯುವುದು, ಹಾಲಿನ ಪಾತ್ರೆಯ ಮುಚ್ಚಳ ತೆಗೆದಾಗ ಉಸಿರು ಬಿಗಿಹಿಡಿಯುವುದು, ತೆರೆದ ಪಾತ್ರೆಯ ಮೇಲೆ ನಾನು ಮಾತಾಡಿದರೆ ಮೆಲ್ಲಗೆ ಪಾತ್ರೆಯನ್ನೇ ಪಕ್ಕಕ್ಕೆ ಸರಿಸುವುದು. ನನ್ನ ಮಾತಿನಿಂದ ಹಾಲು ಕೆಡುತ್ತದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ, ಸರಿಸುವ ಧೈರ್ಯ ಮಾತ್ರ ಇತ್ತು.

ಇಷ್ಟರಲ್ಲಿ ನನ್ನ ಬಲಗಾಲು ಕೈಕೊಟ್ಟಿತು. ಮಷಿನ್ನಿನ ತುಳಿಮಣೆಯ ಅಂಚು ಕಣಕಾಲಿಗೆ ತಾಗಿ ತಾಗಿ ಒಂದು ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಮೈ ನನ್ನದು. ಮೊದಲು ಅರಿಶಿನ ಒತ್ತಿದೆ, ಆಮೇಲೆ ಮುಲಾಮು, ಆಮೇಲೆ ಆಸ್ಪತ್ರೆ. ಹುಣ್ಣು ಆರಲಿಲ್ಲ, ಅಗಲವಾಯಿತು. ತಿಂಗಳುಗಳು ಉರುಳಿದವು. ಕೊನೆಗೆ ಗಾಯದ ಡಾಕ್ಟರು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು. ಡಾಕ್ಟರುಗಳು ಕೂತು ಮಾತಾಡಿದರೆ ಒಳ್ಳೆಯ ಸುದ್ದಿ ಇರುವುದಿಲ್ಲ.

"ಅಮ್ಮ, ಹೀಗೇ ಮುಂದುವರಿದ್ರೆ ಮೊಣಕಾಲಿನ ಕೆಳಗೆ ತೆಗೀಬೇಕಾಗುತ್ತೆ," ಅಂದರು. "ಅದಕ್ಕೆ ಮುಂಚೆ ಒಂದು ದಾರಿ ಇದೆ. ಇನ್ನೂ ಪ್ರಯೋಗದ ಹಂತದಲ್ಲಿರೋದು, ಖಾತ್ರಿ ಕೊಡಲ್ಲ. ನಿಮ್ಮ ಚರ್ಮದಿಂದಲೇ ರಕ್ತನಾಳದ ಕೋಶ ಬೆಳೆಸಿ, ತೆಳು ಪೊರೆ ಮೇಲೆ ಹರಡಿ ಗಾಯಕ್ಕೆ ಹಾಕೋದು. ಅಲ್ಲಿ ರಕ್ತ ಓಡಾಡೋಕೆ ಶುರುವಾದ್ರೆ ಗಾಯ ಮುಚ್ಚಬಹುದು. ಆದ್ರೆ ಚರ್ಮ ಒಂದೇ ಸಲ ತೆಗೀತೀವಿ. ನಿಮ್ಮ ಮೈಯಲ್ಲಿ ಇನ್ನೊಂದು ಗಾಯ ಮಾಡೋಕೆ ನನಗೂ ಹೆದರಿಕೆ."

ಹೆದರಿಕೆಯನ್ನು ಮುಖದಲ್ಲಿ ತೋರಿಸಲಿಲ್ಲ. "ಕಾಲು ತೆಗೆದ್ರೆ ಮಷಿನ್ ತುಳಿಯೋರ್ಯಾರು, ನೀವಾ?" ಎಂದು ಕೇಳಿದೆ. ಅವರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಿನ ನಲ್ಲಿ ತಿರುಗಿಸಿಟ್ಟು, ಆ ಸದ್ದಿನ ಮರೆಯಲ್ಲಿ ಅತ್ತುಬಿಟ್ಟೆ.

ಪ್ರಯೋಗಾಲಯದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ಸೊಸೆಗೆ ಹೇಳಿದರಂತೆ: ಮನೆಯವರ ಚರ್ಮ, ನೀನು ಮುಟ್ಟುವುದು ಬೇಡ, ಹೊಸದಾಗಿ ಬಂದ ತಂತ್ರಜ್ಞ ಮಾಡಲಿ. ಸೊಸೆಗೆ ಹೋದ ಜೀವ ಬಂದಂತಾಗಿತ್ತು. ಖುಷಿಯಿಂದ ಬಂದು ನನಗೆ ಹೇಳಿದಳು.

"ಯಾರು, ಹೋದ ತಿಂಗಳು ಬಾಟಲಿಗೆಲ್ಲ ಬೂಷ್ಟು ಹತ್ತಿಸಿದನಲ್ಲ, ಅವನಾ?" ಅಂದೆ.

ಅವಳು ಹೌದೆಂದು ತಲೆಯಾಡಿಸಿದಳು.

"ನನ್ನ ಚರ್ಮ ಅವನ ಕೈಗೆ ಕೊಡಲ್ಲ. ನೀನೇ ಮಾಡು."

"ನನ್ನ ಕೈ ನಡುಗುತ್ತೆ ಅತ್ತೆ."

"ನಡುಗ್ಲಿ."

"ಹೆಚ್ಚುಕಮ್ಮಿ ಆದ್ರೆ..." ಎಂದವಳು ಮುಂದೆ ಹೇಳಲಾರದೆ ನನ್ನ ಕಾಲಿನ ಕಟ್ಟನ್ನೇ ನೋಡುತ್ತ ನಿಂತಳು. ಅವಳ ಕಣ್ಣಿನಲ್ಲಿ ಅವಳ ತಾಯಿಯ ಬೆರಳು ಕಂಡಿತು ನನಗೆ. ಆದರೂ ಹಟ ಬಿಡಲಿಲ್ಲ. ಭಯವಾದಾಗ ನನಗೆ ಬರುವುದು ಹಟವೊಂದೇ.

ತೊಡೆಯ ಒಳಗಿನಿಂದ ಚರ್ಮ ತೆಗೆದರು. ತಣ್ಣನೆಯ ದ್ರವವಿದ್ದ ಡಬ್ಬಿಯೊಳಗೆ ಅದು ನೆಲಮಾಳಿಗೆಗೆ ಇಳಿಯಿತು. ಆಮೇಲೆ ನಡೆದದ್ದೆಲ್ಲ ಸೊಸೆಯ ಬಾಯಿಂದ ನಾನು ಕೆದಕಿ ಕೆದಕಿ ತಿಳಿದದ್ದು. ಮೊದಲು ಚರ್ಮವನ್ನು ತೊಳೆತೊಳೆದು ಕೊಬ್ಬು ಬಿಡಿಸಿ ಸಣ್ಣ ಪಟ್ಟಿಗಳಾಗಿ ಕತ್ತರಿಸಿದಳು. ಒಂದು ಬಗೆಯ ಕಿಣ್ವದಲ್ಲಿ ನೆನೆಹಾಕಿ ತಂಪಿನಲ್ಲಿಟ್ಟಳು. ಮರುದಿನ ಮೇಲಿನ ಪದರ ನೆನೆದ ಕಾಳಿನ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. ಅದು ಅವಳಿಗೆ ಬೇಡ. ರಕ್ತನಾಳಗಳಿರುವುದು ಕೆಳಪದರದಲ್ಲಿ. ಅದನ್ನು ಇನ್ನೊಂದು ಕಿಣ್ವದಲ್ಲಿ ಬೆಚ್ಚಗಿಟ್ಟು, ಒತ್ತಿ, ಜರಡಿಯಲ್ಲಿ ಸೋಸಿದರೆ ಬಗೆಬಗೆಯ ಕೋಶಗಳು ಒಟ್ಟಿಗೆ ಬರುತ್ತವೆ.

ಅದರಲ್ಲಿ ಬೇಕಾದವನ್ನು ಆರಿಸುವುದು ಅಯಸ್ಕಾಂತದಿಂದ. ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳಿರುತ್ತವಂತೆ. ಅವು ರಕ್ತನಾಳದ ಕೋಶಗಳಿಗೆ ಮಾತ್ರ ಅಂಟುತ್ತವೆ. ಟ್ಯೂಬನ್ನು ಅಯಸ್ಕಾಂತಕ್ಕೆ ತಾಗಿಸಿ ಹಿಡಿದರೆ ಅವು ಗೋಡೆಗೆ ಸರಿದು ನಿಲ್ಲುತ್ತವೆ, ಉಳಿದದ್ದನ್ನು ಮೆಲ್ಲಗೆ ಹೀರಿ ತೆಗೆಯಬೇಕು. ಕೈ ತಪ್ಪಿದರೆ ಬೇಕಾದದ್ದೇ ಬೇಡದ್ದರ ಜೊತೆ ಹೋಗಿಬಿಡುತ್ತದೆ. ಹೀಗೆ ಆರಿಸಿದ ನನ್ನ ಕೋಶಗಳು ಒಂದು ಚಪ್ಪಟೆ ಬಾಟಲಿಯೊಳಗೆ, ಮೈಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ಕೂತವು. ಸೊಸೆ ಅಂದು ಮನೆಗೆ ಬಂದು ಏನೂ ತಿನ್ನದೆ ಮಲಗಿದಳು.

ಅಲ್ಲಿಂದ ಶುರುವಾಯಿತು ಅವಳ ಹುಚ್ಚು. ಕೋಶಗಳು ಬಾಟಲಿಯ ತಳಕ್ಕೆ ಅಂಟಿಕೊಳ್ಳುವ ತನಕ ಅಲುಗಿಸಬಾರದು, ತಣ್ಣಗಾಗಿಸಬಾರದು. ಇದು ಅವಳೇ ಹೊಸಬರಿಗೆ ಹೇಳಿಕೊಡುವ ಪಾಠ. ಆದರೆ ಬಾಟಲಿಯಲ್ಲಿರುವುದು ಅತ್ತೆ! ಬದುಕಿವೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಪೆಟ್ಟಿಗೆ ತೆರೆದು, ಬಾಟಲಿ ತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಮತ್ತೆ ಒಳಗಿಡುವುದು. ಗ್ಯಾಸ್ ಆರಿಸಿದೆನೋ ಎಂದು ನೋಡುವ ಅದೇ ಚಾಳಿ. ನೋಡಿದಷ್ಟೂ ಅವು ಅಂಟದೆ ತೇಲಿದವು. ತೇಲಿದಷ್ಟೂ ಇವಳು ನೋಡಿದಳು.

ದೊಡ್ಡ ಮೇಡಂ ಕೈಗೆ ಸಿಕ್ಕಿಬಿದ್ದಳು. ಅವರು ಎಲ್ಲರೆದುರೇ ಚೆನ್ನಾಗಿ ಬೈದರಂತೆ. "ನೋಡಿ ನೋಡಿಯೇ ಸಾಯಿಸ್ತೀಯ ನೀನು! ನಾಳೆ ಸಂಜೆ ತನಕ ಆ ಪೆಟ್ಟಿಗೆ ಹತ್ತಿರ ಸುಳಿಯೋ ಹಾಗಿಲ್ಲ." ಸೊಸೆ ಅಳುತ್ತ ಮನೆಗೆ ಬಂದು ನನ್ನ ಮುಂದೆ ಎಲ್ಲವನ್ನೂ ಕಕ್ಕಿದಳು. ನಾನು ಬೈಯುತ್ತೇನೆಂದುಕೊಂಡಿದ್ದಳೋ ಏನೋ, ಕತ್ತು ಬಗ್ಗಿಸಿ ಕಾದಳು. ನನಗೆ ಬಾಯಿ ಒಣಗಿತ್ತು. ಬೈಯಲು ಬೇಕಾದ ಎಂಜಲೂ ಇರಲಿಲ್ಲ. "ಹೋಗಿ ಟೀ ಮಾಡು" ಅಂದೆ.

ಅವಳು ನೋಡದೆ ಇದ್ದ ಹೊತ್ತಿನಲ್ಲಿ ಅವು ಅಂಟಿಕೊಂಡವು. ಎಲ್ಲವೂ ಅಲ್ಲ, ಒಂದಷ್ಟು. ಆಮೇಲೆ ಮೆಲ್ಲಗೆ ಹೆಚ್ಚಾಗತೊಡಗಿದವು. ದಿನ ಬಿಟ್ಟು ದಿನ ಅವುಗಳ ಆಹಾರ ಬದಲಿಸುತ್ತಿದ್ದಳು. ಬಾಟಲಿಯಲ್ಲಿರುವ ನನಗೆ ಹೊತ್ತುಹೊತ್ತಿಗೆ ಸಿಗುತ್ತಿದ್ದ ಉಪಚಾರ ಮನೆಯಲ್ಲಿರುವ ನನಗೆ ಸಿಗುತ್ತಿರಲಿಲ್ಲ ಎಂದು ನಾನು ಪಕ್ಕದ ಮನೆಯವಳ ಹತ್ತಿರ ದೂರಿದ್ದೂ ಉಂಟು. ಅತ್ತ ಕಾಲಿನ ಹುಣ್ಣಿನ ಅಂಚು ಕಪ್ಪಾಗುತ್ತಿತ್ತು. ಕಟ್ಟು ಬಿಚ್ಚುವಾಗ ನರ್ಸ್ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಳು.

ಒಂದು ವಾರ ಸೊಸೆ ಬಾಯಿ ಹೊಲಿದುಕೊಂಡಳು. ಕೇಳಿದರೆ "ಬೆಳೀತಿವೆ ಅತ್ತೆ" ಎನ್ನುವಳು, ಕಣ್ಣು ತಪ್ಪಿಸುವಳು. ನನಗೆ ತಡೆಯಲಾಗಲಿಲ್ಲ. ಕಟ್ಟು ಬದಲಿಸಿಕೊಳ್ಳಲು ಆಸ್ಪತ್ರೆಗೆ ಹೋದ ದಿನ, ಗಾಲಿಕುರ್ಚಿಯಲ್ಲಿ ನೆಲಮಾಳಿಗೆಗೆ ಇಳಿಸು ಎಂದು ಮಗನ ಹತ್ತಿರ ಹಟ ಹಿಡಿದೆ. ದೊಡ್ಡ ಮೇಡಂ ಬಾಗಿಲಲ್ಲೇ ನನ್ನನ್ನು ನೋಡಿ, ತಲೆಗೆ ಟೋಪಿ ಹಾಕಿಸಿ, ಒಳಗಿನ ಕೋಣೆಯ ಸೂಕ್ಷ್ಮದರ್ಶಕದ ತನಕ ಬಿಟ್ಟರು.

ಒಳಗೆ ಸ್ಪಿರಿಟ್ಟಿನ ವಾಸನೆ, ಫ್ಯಾನಿನ ಹಾಗೆ ಗುಂಯ್‌ಗುಡುವ ಗಾಜಿನ ಮುಚ್ಚಳದ ಮೇಜು, ಬಿಳಿ ಪೆಟ್ಟಿಗೆಗಳು. ಸೊಸೆ ಬಾಟಲಿ ತಂದು ಇಟ್ಟಳು. ನಾನು ಬಗ್ಗಿ ನೋಡಿದೆ. ಕಲ್ಲು ಹಾಸಿದ ಅಂಗಳದ ಹಾಗೆ, ಒಂದಕ್ಕೊಂದು ಒತ್ತಿಕೊಂಡು ಕೂತ ಸಣ್ಣ ಸಣ್ಣ ಕೋಶಗಳು. ನನ್ನೊಳಗೆ ಇಷ್ಟು ಅಂದವಾದದ್ದು ಇತ್ತೇ? ಪಕ್ಕಕ್ಕೆ ಸರಿಸಿದಾಗ ಬೇರೆ ಬಗೆಯವು ಕಂಡವು. ಉದ್ದುದ್ದ, ಎರಡೂ ತುದಿ ಚೂಪು, ಕಲ್ಲುಹಾಸಿನ ಸಂದಿಗೆಲ್ಲ ನುಗ್ಗಿದ್ದವು.

"ಇವ್ಯಾವು?"

"ಅವೂ ನಿಮ್ಮವೇ ಅತ್ತೆ. ಚರ್ಮಕ್ಕೆ ಗಟ್ಟಿತನ ಕೊಡೋ ಕೋಶ. ಆರಿಸುವಾಗ ನಾಲ್ಕು ತಪ್ಪಿಸಿಕೊಂಡು ಬಂದಿರಬೇಕು. ಬೇಗ ಬೇಗ ಬೆಳೀತವೆ. ಬಿಟ್ರೆ ಬೇಕಾದವನ್ನೆಲ್ಲ ಮುಚ್ಚಿಬಿಡ್ತವೆ."

"ನನ್ನ ಮೈಯೇ ನನ್ನನ್ನ ತಿನ್ನುತ್ತಾ?"

ದೊಡ್ಡ ಮೇಡಂ ಹೇಳಿದರು, "ಇನ್ನೊಂದು ಸಲ ಎಲ್ಲವನ್ನೂ ಬಿಡಿಸಿ, ಅಯಸ್ಕಾಂತ ಹಿಡಿದು ಆರಿಸಬೇಕು ಅಮ್ಮ. ಇರೋದೇ ಕಮ್ಮಿ. ಆರಿಸುವಾಗ ಇನ್ನಷ್ಟು ಹೋಗುತ್ತೆ. ಪೂರ್ತಿ ಹೋದ್ರೂ ಹೋಗಬಹುದು. ಅದಕ್ಕೇ ಇವಳು ನಾಳೆ ನಾಳೆ ಅಂತ ಮುಂದೂಡ್ತಿದ್ದಾಳೆ."

ಎಲ್ಲರೂ ನನ್ನನ್ನು ನೋಡಿದರು. ಗಟ್ಟಿಗಿತ್ತಿ ಎಂದು ಹೆಸರು ಪಡೆದವಳು ಏನು ಹೇಳಬೇಕಿತ್ತು? ಮಾಡು, ನಾನಿದ್ದೇನೆ ಎನ್ನಬೇಕಿತ್ತು. ಆದರೆ ಕಣ್ಣೆದುರು ಜೀವಂತ ಇರುವ ಅಂಗಳ, ಅದನ್ನು ಕಿತ್ತು ಕಲಕುವುದು ಎಂದರೆ!

"ಬೇಡ," ಎಂದು ಕಿರುಚಿದೆ. "ಮುಟ್ಟಬೇಡ ಅದನ್ನ. ಇದ್ದ ಹಾಗೇ ಇರಲಿ. ಮುಟ್ಟಿದ್ರೆ ನೋಡು!"

ಸೊಸೆ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಪೆಟ್ಟಿಗೆಯೊಳಗಿಟ್ಟಳು. "ಆಯ್ತು ಅತ್ತೆ" ಎಂದಳು. ನನ್ನ ಮಾತಿಗೆ ಅವಳು ಎಂದೂ ಇಲ್ಲವೆಂದವಳಲ್ಲ.

ಮರುದಿನ ಸಂಜೆ ಅವಳು ಬಂದವಳು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತಳು. ನಾನು ಮಷಿನ್ನಿನ ಮುಂದೆ ಕೂತು, ತುಳಿಯಲಾಗದೆ, ಕೈಯಲ್ಲೇ ಗುಂಡಿ ಹೊಲಿಯುತ್ತಿದ್ದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅತ್ತೆ, ನಿಮ್ಮ ಮಾತು ಕೇಳಲಿಲ್ಲ," ಅಂದಳು. "ಇವತ್ತು ಆರಿಸಿಬಿಟ್ಟೆ."

ಸೂಜಿ ಬೆರಳಿಗೆ ಚುಚ್ಚಿತು. "ಎಷ್ಟು ಉಳೀತು?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ತುಂಬಾ ಸ್ವಲ್ಪ ಅತ್ತೆ."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನನ್ನ ಕಾಲಿನ ಮೇಲೆ ನಿನಗೇನು ಹಕ್ಕು ಎಂದೆ, ಹೇಳಿದ್ದು ಕೇಳದವಳು ಯಾಕೆ ಬಂದೆ ಈ ಮನೆಗೆ ಎಂದೆ. ಮಗ ಒಳಗಿನಿಂದ ಓಡಿಬಂದ. ಅವಳು ಅಳಲಿಲ್ಲ. ನಾನು ದಣಿದು ನಿಲ್ಲಿಸುವ ತನಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಕೈ ನಡುಗ್ತಾನೇ ಇತ್ತು ಅತ್ತೆ. ಟ್ಯೂಬನ್ನ ಮೇಜಿಗೆ ಒತ್ತಿ ಹಿಡಿದು ಮಾಡ್ದೆ. ಇವತ್ತು ಮಾಡದೇ ಇದ್ರೆ ಆರಿಸೋಕೆ ಏನೂ ಉಳೀತಿರಲಿಲ್ಲ. ಹೆದರಿಕೊಂಡೇ ಮಾಡ್ದೆ. ನಂಗೆ ಬೇರೆ ಥರ ಮಾಡೋಕೆ ಬರಲ್ಲ."

ಬೆರಳನ್ನು ಬಾಯಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತೆ.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಜೀವ ಅಂಗೈಯಲ್ಲಿ ಹಿಡಿದುಕೊಂಡು ಇರುವುದು ಎನ್ನುತ್ತಾರಲ್ಲ, ಹಾಗೆ ಇದ್ದೆವು. ಸೊಸೆ ಬಂದ ಕೂಡಲೇ ನಾನು ಹುಬ್ಬು ಹಾರಿಸಿ ಕೇಳುವೆ, ಅವಳು ತಲೆಯಾಡಿಸಿ ಹೇಳುವಳು, ಅಷ್ಟೇ. ಇದ್ದಾವೆ. ಒಂದು ಕಡೆ ಗುಂಪುಗೂಡಿವೆ. ಉದ್ದನೆಯವು ಕಾಣುತ್ತಿಲ್ಲ. ಡಾಕ್ಟರು ಅತ್ತ ಅವಸರ ಮಾಡುತ್ತಿದ್ದರು. ಕಾಲಿನ ನಂಜು ಏರಿ ಜ್ವರ ಬಂದರೆ ಇನ್ನು ಕಾಯುವುದಿಲ್ಲ ಎಂದಿದ್ದರು. ನಾನು ದಿನಕ್ಕೆ ಹತ್ತು ಸಲ ಮೀನಖಂಡ ಮುಟ್ಟಿ ಬಿಸಿ ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಸೊಸೆಯ ಚಾಳಿ ನನಗೂ ಅಂಟಿತ್ತು.

ಕೊನೆಗೆ ಅಂಗೈಗಿಂತ ಚಿಕ್ಕದಾದ ಒಂದು ಪೊರೆಗೆ ಸಾಲುವಷ್ಟಾದವು. ಹುಣ್ಣು ಅದಕ್ಕಿಂತ ದೊಡ್ಡದಿತ್ತು. ನಡುವಿಗೆ ಹಾಕೋಣ, ಸುತ್ತಲಿನದು ಅದೃಷ್ಟ ಎಂದರು ಡಾಕ್ಟರು. ಹಾಕಿ ಕಟ್ಟಿದರು. ಕಾಲು ಅಲುಗಿಸಕೂಡದು ಎಂದು ಮಂಚಕ್ಕೆ ಒರಗಿಸಿದರು. ಅಲ್ಲಿ ಮಲಗಿ ನಾನು ಯೋಚಿಸಿದ್ದು ಒಂದೇ. ಒಂದು ಕಾಲಿನ ಹೆಂಗಸನ್ನು ಬೀದಿಯವರು ಏನೆಂದು ಕರೆಯುತ್ತಾರೆ?

ಕಟ್ಟು ಬಿಚ್ಚುವ ದಿನ ಬಂತು. ಸೊಸೆ ಬರುವುದಿಲ್ಲವೆಂದಿದ್ದಳು. ಬಂದಳು, ಆದರೆ ಬಾಗಿಲಿನಿಂದ ಒಳಗೆ ಕಾಲಿಡಲಿಲ್ಲ. ನರ್ಸ್ ಪದರ ಪದರವಾಗಿ ಬಟ್ಟೆ ಬಿಚ್ಚಿದಳು. ಕೊನೆಯ ಪದರ ಅಂಟಿಕೊಂಡಿತ್ತು. ಡಾಕ್ಟರು ನೀರು ಬಿಟ್ಟು ಬಿಟ್ಟು ಎತ್ತಿದರು. ನಾನು ಚಾವಣಿ ನೋಡುತ್ತಿದ್ದೆ. ಚಿಮಟದಿಂದ ಗಾಯವನ್ನು ಮುಟ್ಟಿದಂತಾಯಿತು. ನೋಡಬಾರದು ಎಂದುಕೊಂಡವಳು ನೋಡಿಬಿಟ್ಟೆ.

ಗಾಯದ ನಡುವಿನಿಂದ ಕೆಂಪು ನೆತ್ತರು ಜಿನುಗಿ, ಪಾದದ ಮೇಲೆ ಹರಿದು, ಬಿಳಿ ಹಾಸಿಗೆಗೆ ಇಳಿಯುತ್ತಿತ್ತು.

"ಅಯ್ಯೋ! ರಕ್ತ! ಕಾಲು ಹೋಯ್ತು, ನನ್ನ ಕಾಲು ಹೋಯ್ತು!" ಎಂದು ಬಾಯಿ ಬಡಿದುಕೊಂಡೆ. ಇಡೀ ವಾರ್ಡಿಗೆ ಕೇಳಿಸಿರಬೇಕು.

ಬಾಗಿಲಲ್ಲಿದ್ದವಳು ಒಳಗೆ ಓಡಿಬಂದಳು. ಹಾಸಿಗೆಗೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಆ ನೆತ್ತರನ್ನು ನೋಡಿದಳು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ.

"ಹೌದು ಅತ್ತೆ, ರಕ್ತ! ರಕ್ತ ಬಂತು!"

ಡಾಕ್ಟರೂ ನಗುತ್ತಿದ್ದರು. "ಇಷ್ಟು ತಿಂಗಳು ನಾನು ಇದನ್ನ ಕೆರೆದಾಗೆಲ್ಲ ಒಂದು ಹನಿ ಬರ್ತಿರಲಿಲ್ಲ ಅಮ್ಮ. ಸತ್ತ ಮಾಂಸದಲ್ಲಿ ರಕ್ತ ಎಲ್ಲಿಂದ ಬರುತ್ತೆ? ಇದು ಬದುಕಿದೆ. ಇನ್ನೂ ಬಹಳ ದೂರ ಇದೆ, ಆದ್ರೆ ಕತ್ತರಿಸೋ ಮಾತು ಇವತ್ತು ಆಡಲ್ಲ."

ನನಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಮೇಲೆ ಮೈಯೆಲ್ಲ ನಡುಗತೊಡಗಿತು. ನಿಲ್ಲಿಸಲು ನೋಡಿದೆ, ಆಗಲಿಲ್ಲ. ಕೈ ಚಾಚಿ ಸೊಸೆಯ ಕೈ ಹಿಡಿದೆ. ಮಂಜಿನ ಹಾಗೆ ತಣ್ಣಗಿತ್ತು, ಅದೂ ನಡುಗುತ್ತಿತ್ತು.

"ಹೆದರಿಕೆ ಆಗ್ತಿದೆ ಕಣೇ," ಅಂದೆ. ಈ ಮಾತನ್ನು ನಾನು ಜನ್ಮದಲ್ಲಿ ಯಾರ ಮುಂದೆಯೂ ಆಡಿರಲಿಲ್ಲ.

"ನಂಗೂ ಅತ್ತೆ," ಎಂದು ಅವಳು ನನ್ನ ಮಂಚದ ಅಂಚಿಗೆ ಕೂತಳು. "ಸರೀರಿ ಸ್ವಲ್ಪ."

ನಾನು ಸರಿದು ಜಾಗ ಮಾಡಿದೆ.